ಸರ್ ಐಸಾಕ್ ನ್ಯೂಟನನ ಚರಿತ್ರೆ

ಈ ಸ್ಮರಣ ಸಂಚಿಕೆಗೆ ಮಹಾಪುರುಷರೊಬ್ಬರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಇಂತಹ ಪುಟಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ದಾದಿಯರು, ರಾಣಿಯರು, ಪಾದ್ರಿಗಳು ಇವರನ್ನೆಲ್ಲ ಬಿಟ್ಟು ಒಬ್ಬ ಗಣಿತಜ್ಞನನ್ನು ಆರಿಸಿಕೊಂಡೆನು. ಇದಕ್ಕೆ ಕಾರಣಗಳು ಎರಡುಂಟು. ಮೊದಲನೆಯದು, ನಮ್ಮ ಹುಡುಗಿಯರಲ್ಲಿ ಬಹುಮಂದಿ ಬೀಜಗಣಿತವೆಂದರೆ ಹೆದರುವರು. ಅದರಲ್ಲಿಯೂ ಹೈಸ್ಕೂಲನ್ನು ಮುಗಿಸಿ ಮೇಲಿನ ತರಗತಿಗೆ ಹೋದವರು ರಜದಲ್ಲಿ ನನ್ನನ್ನು ನೋಡಲು ಬಂದಾಗ, ದ್ವಿಪದ ಪ್ರಮೇಯವೆಂಬ ಅಧ್ಯಾಯವನ್ನು ಹೆಸರಿಸಿ ನಿಟ್ಟುಸಿರು ಬಿಡುವುದನ್ನು ನಾನು ಎಷ್ಟೋ ಸಾರಿ ಕಂಡಿರುವೆನು. ಆ ಪ್ರಮೇಯವನ್ನು ಅದರ ಪೂರ್ಣ ರೂಪದಲ್ಲಿ ಕಂಡುಹಿಡಿದವನೇ ನ್ಯೂಟನನು. ಎರಡನೆಯದು, ಈತನು ತನ್ನ ಆಯುಷ್ಯದ ಕಡೆಯ ಮೂವತ್ತು ವರ್ಷಗಳನ್ನು ಚಿನ್ನ ಬೆಳ್ಳಿಗಳನ್ನು ತೂಗಿ ನೋಡುವ ಉದ್ಯೋಗದಲ್ಲಿ ಕಳೆದನು. ಬಂಗಾರಪೇಟೆಯ ಜಂಕ್ಷನ್ನಿನಿಂದ ಹೊರಟು ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ನಿಲ್ಲುತ್ತ ಮಾರಿಕುಪ್ಪವನ್ನು ಸೇರುವ ರೈಲಿನಲ್ಲಿ ಓಡಾಡಿ, ಸೈನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದ ನಮಗೆ ಅಂತಹವನು ಪೂರ್ತಿ ಪರಕೀಯನಲ್ಲ.

ಐಸಾಕ್ ನ್ಯೂಟನನು ಇಂಗ್ಲೆಂಡು ದೇಶದ ಲಿಂಕನ್‌ಷೈರ್ ಪ್ರಾಂತದ ವೂಲ್ಸ್‌ಥಾರ್ಪ್ ಎಂಬ ಚಿಕ್ಕ ಹಳ್ಳಿಯಲ್ಲಿ, ಆ ದೇಶದ ಹಳೆಯ ಪಂಚಾಂಗದ ಪ್ರಕಾರ 1642ನೆಯ ಇಸವಿ ಡಿಸೆಂಬರ್ 25ನೆಯ ತಾರೀಖು ಕ್ರಿಸ್ಮಸ್ ಹಬ್ಬದ ದಿವಸ ಜನಿಸಿದನು. ಈಗಿನ ಪಂಚಾಂಗದಂತೆ ಎಣಿಸಿದರೆ ಅದು 1643ನೆಯ ಜನವರಿ 4 ಆಗುವುದು. ಮಗುವು ಹುಟ್ಟುವುದಕ್ಕೆ ಸುಮಾರು ಮೂರು ತಿಂಗಳು ಮುಂಚೆಯೇ ತಂದೆಯು ತೀರಿಕೊಂಡಿದ್ದನು. ತಂದೆಯ ಹೆಸರೂ ಐಸಾಕನೇ. ನಮ್ಮ ಸತ್ಯವೇದದಲ್ಲಿ ಇಸಾಕನೆಂದು ಓದುತ್ತೇವಲ್ಲ, ಆ ಹೆಸರು. ಆತನು ಸ್ವಂತ ಜಮೀನುಳ್ಳ ಬೇಸಾಯಗಾರನಾಗಿದ್ದರೂ ತನ್ನ ಹೆಸರನ್ನು ಬರೆಯಲು ಅರಿಯದವನು. ಮಗುವು ದಿನ ತುಂಬುವ ಮೊದಲೇ ಹುಟ್ಟಿ, ಒಂದು ಸಣ್ಣ ತಂಬಿಗೆಯೊಳಗೆ ಹಿಡಿಸುವಷ್ಟು ಕಿರಿದಾಗಿತ್ತೆಂದೂ, ಅದು ಬದುಕುವುದೆಂಬ ನಂಬಿಕೆ ಯಾರಿಗೂ ಇರಲಿಲ್ಲವೆಂದೂ ನ್ಯೂಟನನೇ ಮುಪ್ಪಿನಲ್ಲಿ ಹೇಳಿಕೊಳ್ಳುತ್ತಿದ್ದನು. ಆ ಕೂಸು ಎಂಬತ್ತನಾಲ್ಕು ವರ್ಷ ಬಾಳಿತು.

ಮಗುವಿಗೆ ಮೂರು ವರ್ಷವಾದಾಗ ತಾಯಿ ಹ್ಯಾನಾ ಎಂಬಾಕೆಯು ನೆರೆಯ ಊರಿನ ಬಾರ್ನಬಸ್ ಸ್ಮಿತ್ ಎಂಬ ವಯಸ್ಸಾದ ಪಾದ್ರಿಯನ್ನು ಮದುವೆಯಾಗಿ, ಮಗನನ್ನು ಅಜ್ಜಿಯ ಬಳಿ ಬಿಟ್ಟು ಹೊರಟುಹೋದಳು. ತಾಯಿಯ ಮನೆ ಎರಡು ಮೈಲಿಯಷ್ಟೇ ದೂರ. ಆದರೂ ಹುಡುಗನಿಗೆ ಅಲ್ಲಿ ಸ್ಥಳವಿರಲಿಲ್ಲ. ಈ ಗಾಯವು ಆತನಲ್ಲಿ ಎಂದಿಗೂ ಮಾಯಲಿಲ್ಲವೆಂದು ತೋರುವುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ತನ್ನ ಪಾಪಗಳನ್ನೆಲ್ಲ ಗುಪ್ತಲಿಪಿಯಲ್ಲಿ ಪಟ್ಟಿಮಾಡಿ ಬರೆದಾಗ, ಮಲತಂದೆಯನ್ನೂ ತಾಯಿಯನ್ನೂ ಅವರಿದ್ದ ಮನೆಯನ್ನೂ ಸುಟ್ಟುಬಿಡುವೆನೆಂದು ಹಿಂದೆ ಬೆದರಿಸಿದ್ದನ್ನು ಅದರಲ್ಲಿ ಸೇರಿಸಿದ್ದಾನೆ. ಮಹಾಪುರುಷರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಇಂತಹ ಸಂಗತಿಗಳನ್ನು ಮರೆಮಾಚುವುದು ವಾಡಿಕೆ. ನಾನು ಮರೆಮಾಚುವುದಿಲ್ಲ. ಮನೆಯಲ್ಲಿ ದುಃಖವಿರುವ ಮಗುವು ತರಗತಿಯಲ್ಲಿ ಹೇಗೆ ಕುಳಿತಿರುವುದೆಂಬುದನ್ನು ಉಪಾಧ್ಯಾಯಿನಿಯರಾದ ನಾವು ದಿನವೂ ನೋಡುವೆವು.

ಮಲತಂದೆಯು 1653ರಲ್ಲಿ ತೀರಿಕೊಂಡನು. ತಾಯಿಯು ಮೂರು ಮಕ್ಕಳೊಡನೆ ವೂಲ್ಸ್‌ಥಾರ್ಪಿಗೆ ಹಿಂದಿರುಗಿದಳು. ಸ್ವಲ್ಪ ಕಾಲದಲ್ಲಿಯೇ ಹುಡುಗನನ್ನು ಗ್ರಾಂಥಮ್ ಪಟ್ಟಣದ ಪಾಠಶಾಲೆಗೆ ಕಳುಹಿಸಿದರು. ಅಲ್ಲಿ ಔಷಧದಂಗಡಿಯವನೊಬ್ಬನ ಮನೆಯಲ್ಲಿ ಬಿಡಾರ. ಮೊದಮೊದಲು ಓದಿನಲ್ಲಿ ಬಹಳ ಹಿಂದಿದ್ದನು. ಒಂದು ದಿನ ಜೊತೆಯ ಹುಡುಗನೊಬ್ಬನು ಹೊಟ್ಟೆಗೆ ಒದೆಯಲು, ನ್ಯೂಟನನು ಅವನೊಡನೆ ಹೊಡೆದಾಡಿ ಗೆದ್ದುದಲ್ಲದೆ, ಓದಿನಲ್ಲಿಯೂ ಅವನನ್ನು ಹಿಂದೆ ಹಾಕದೆ ಬಿಡಲಿಲ್ಲ. ಮರದ ಯಂತ್ರಗಳನ್ನೂ ನೆರಳು ಗಡಿಯಾರಗಳನ್ನೂ ಮಾಡುವುದರಲ್ಲಿ ಆತನಿಗೆ ವಿಶೇಷ ಆಸಕ್ತಿಯಿತ್ತು.

ಹದಿನಾರು ಹದಿನೇಳನೆಯ ವಯಸ್ಸಿನಲ್ಲಿ ತಾಯಿಯು ಆತನನ್ನು ಶಾಲೆ ಬಿಡಿಸಿ ಬೇಸಾಯಕ್ಕೆ ಹಾಕಿದಳು. ಹಿರಿಯ ಮಗನು ಮನೆಯ ಆಸ್ತಿಯನ್ನು ನೋಡಿಕೊಳ್ಳಬೇಕೆಂಬುದು ಆಕೆಯ ಎಣಿಕೆ. ಆ ಎಣಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹುಡುಗನು ಕುರಿಗಳನ್ನು ಕಾಯಲು ಹೋದರೆ ಬೇಲಿಯ ಮರೆಯಲ್ಲಿ ಕುಳಿತು ಪುಸ್ತಕವನ್ನು ಓದುವನು; ಕುರಿಗಳು ನೆರೆಯವರ ಪೈರನ್ನು ಮೇಯುವುವು; ಮನೆಗೆ ದಂಡದ ಆಜ್ಞೆ ಬರುವುದು. ಹೀಗಿರಲು, ಆತನ ಸೋದರಮಾವನಾದ ವಿಲಿಯಂ ಆಯ್ಸ್ಕೋ ಎಂಬ ಪಾದ್ರಿಯೂ, ಗ್ರಾಂಥಮಿನ ಮುಖ್ಯೋಪಾಧ್ಯಾಯನಾದ ಸ್ಟೋಕ್ಸ್ ಎಂಬಾತನೂ ತಾಯಿಯ ಬಳಿಗೆ ಹೋಗಿ, ಹುಡುಗನನ್ನು ಮರಳಿ ಶಾಲೆಗೆ ಕಳುಹಿಸಬೇಕೆಂದು ಬೇಡಿಕೊಂಡರು. ಹೊರ ಊರಿನ ಹುಡುಗರು ಕೊಡಬೇಕಾಗಿದ್ದ ನಲವತ್ತು ಷಿಲಿಂಗ್ ಶುಲ್ಕವನ್ನು ಮುಖ್ಯೋಪಾಧ್ಯಾಯನು ತಾನೇ ಮಾಫಿಮಾಡಿದನು. ತಾಯಿಯು ಒಪ್ಪಿದಳು.

ಈ ಪ್ರಸಂಗವನ್ನು ಓದುವಾಗಲೆಲ್ಲ ನನ್ನ ಮನಸ್ಸು ಆಂಡರ್ಸನ್‌ಪೇಟೆಯ ಮತ್ತು ಗಣಿ ಲೈನುಗಳ ಕಡೆಗೆ ಓಡುವುದು. ಎಸ್.ಎಸ್.ಎಲ್.ಸಿ. ಆದೊಡನೆ ಓದು ಸಾಕೆಂದು ನಿಲ್ಲಿಸಿದ ಹುಡುಗಿಯರ ಮನೆಗಳಿಗೆ ನಾನೂ ನನ್ನ ಸಹೋದ್ಯೋಗಿಗಳೂ ಹೋಗಿ, ಜಗಲಿಯ ಮೇಲೆ ಕುಳಿತು, ಕೊಟ್ಟ ಕಾಫಿಯನ್ನು ಕುಡಿದು, ತಂದೆತಾಯಂದಿರೊಡನೆ ಮಾತನಾಡಿರುವೆವು. 2001ನೆಯ ಇಸವಿಯಲ್ಲಿ ಗಣಿಗಳು ಮುಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ಬೆಂಗಳೂರಿನ ರೈಲಿಗೆ ನಸುಕಿನಲ್ಲೇ ಹೊರಡುವ ತಂದೆಯ ಕೂಲಿಯೊಂದೇ ಆಧಾರವಾಯಿತು. ಅಂತಹವರೊಡನೆ ನ್ಯಾಯವಾಡುವುದು ಸುಲಭವಲ್ಲ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಪ್ಪಿದವರ ಮಕ್ಕಳಲ್ಲಿ ಇಬ್ಬರು ಮೂವರು ಈ ಸಂಚಿಕೆಯನ್ನು ಓದುತ್ತಿರಬಹುದು.

1661ನೆಯ ಜೂನ್ ತಿಂಗಳಲ್ಲಿ ನ್ಯೂಟನನು ಕೇಂಬ್ರಿಜ್ ವಿದ್ಯಾಪೀಠದ ಟ್ರಿನಿಟಿ ಕಾಲೇಜನ್ನು ಸೇರಿದನು. ತಾಯಿಯು ಅನುಕೂಲವಂತಳಾಗಿದ್ದರೂ ಹೆಚ್ಚು ಹಣವನ್ನು ಕೊಡಲಿಲ್ಲವಾಗಿ, ಶ್ರೀಮಂತ ವಿದ್ಯಾರ್ಥಿಗಳಿಗೆ ಊಟ ಬಡಿಸುವುದೇ ಮೊದಲಾದ ಊಳಿಗಗಳನ್ನು ಮಾಡಿ ಓದುವ ಬಡ ವಿದ್ಯಾರ್ಥಿಗಳ ಗುಂಪಿನಲ್ಲಿ ಆತನನ್ನು ಸೇರಿಸಿಕೊಂಡರು. ಅಲ್ಲಿ ಕಲಿಸುತ್ತಿದ್ದ ಪಾಠಗಳು ಹಳೆಯ ಗ್ರೀಕ್ ಪಂಡಿತರವು. ಹೊಸ ಗಣಿತವನ್ನು ಆತನು ತಾನಾಗಿಯೇ ಪುಸ್ತಕಗಳಿಂದ ಕಲಿತನು: ಫ್ರಾನ್ಸ್ ದೇಶದ ಡೇಕಾರ್ಟನ ಜ್ಯಾಮಿತಿ, ಆಕ್ಸ್‌ಫರ್ಡಿನ ಜಾನ್ ವಾಲಿಸನ ಅನಂತ ಗಣಿತ. ತಿಳಿಯದ ಪುಟಕ್ಕೆ ಬಂದಾಗ ಮತ್ತೆ ಮೊದಲಿನಿಂದ ಓದಿಕೊಂಡು ಬಂದು, ಇನ್ನೆರಡು ಮೂರು ಪುಟ ಮುಂದೆ ಹೋಗಿ, ಮತ್ತೆ ತೊಡಕಾದರೆ ಮತ್ತೆ ಮೊದಲಿಗೆ ಬರುವನು. ಡೇಕಾರ್ಟನನ್ನು ಆತನು ಈ ರೀತಿಯಲ್ಲಿ ಜಯಿಸಿದನಂತೆ.

ಕಾಗದವು ಆಗ ಬೆಲೆಯುಳ್ಳ ವಸ್ತು. ತೀರಿಕೊಂಡ ಮಲತಂದೆಯು ದೇವಶಾಸ್ತ್ರದ ಟಿಪ್ಪಣಿಗಳನ್ನು ಬರೆಯಬೇಕೆಂದು ಒಂದು ದಪ್ಪ ಪುಸ್ತಕವನ್ನು ಹೊಲಿಸಿಟ್ಟು, ಪುಟಗಳ ತಲೆಯಲ್ಲಿ ವಿಷಯಗಳ ಹೆಸರುಗಳನ್ನು ಬರೆದು, ಉಳಿದುದನ್ನು ಬಹುಮಟ್ಟಿಗೆ ಖಾಲಿಯಾಗಿಯೇ ಬಿಟ್ಟಿದ್ದನು. ಆ ಪುಸ್ತಕವು ನ್ಯೂಟನನ ಕೈಗೆ ಬಂತು. ತಾನು ದ್ವೇಷಿಸಿದ ಮನುಷ್ಯನ ಖಾಲಿ ಪುಟಗಳಲ್ಲಿ ಈ ಹುಡುಗನು ತನ್ನ ಗಣಿತವನ್ನು ಬರೆಯತೊಡಗಿದನು. ಕಚ್ಚಾ ಪುಸ್ತಕವೆಂಬ ಅರ್ಥ ಬರುವಂತೆ ಅದಕ್ಕೆ ಹೆಸರಿಟ್ಟಿದ್ದನು.

ಇನ್ನು ದ್ವಿಪದ ಪ್ರಮೇಯದ ವಿಷಯ. ತಾಯಂದಿರು ಈ ಭಾಗವನ್ನು ಬಿಟ್ಟು ಮುಂದೆ ಓದಬಹುದೆಂದು ಬರೆಯಲು ಹೊರಟಿದ್ದೆನು; ಆದರೆ ಸಂತೆಯಲ್ಲಿ ಬಾಯಿಲೆಕ್ಕ ಮಾಡುವ ತಾಯಂದಿರಿಗೆ ಇದು ತಿಳಿಯದಿರಲು ಕಾರಣವಿಲ್ಲ.

ಎರಡು ಪದಗಳ ಮೊತ್ತವನ್ನು ದ್ವಿಪದವೆನ್ನುವರು. ಗೊತ್ತಿಲ್ಲದ ಸಂಖ್ಯೆಯನ್ನು ಕ್ಷ ಎಂದು ಕರೆಯೋಣ. (1 + ಕ್ಷ) ಎಂಬುದನ್ನು ಅದರಿಂದಲೇ ಗುಣಿಸಿದರೆ 1 + 2ಕ್ಷ + ಕ್ಷ². ಇನ್ನೊಮ್ಮೆ ಗುಣಿಸಿದರೆ 1 + 3ಕ್ಷ + 3ಕ್ಷ² + ಕ್ಷ³. ಈ ಗುಣಕಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆದರೆ, ಪ್ರತಿಯೊಂದು ಅಂಕಿಯೂ ತನ್ನ ತಲೆಯ ಮೇಲಿನ ಅಂಕಿಯೂ ಅದರ ಎಡಗಡೆಯ ಅಂಕಿಯೂ ಕೂಡಿ ಆಗಿರುವುದು. ಇದು ನ್ಯೂಟನನಿಗಿಂತ ಬಹಳ ಹಿಂದಿನ ಮಾತು. ನಮ್ಮ ಛಂದಶ್ಶಾಸ್ತ್ರದ ಮೇರುಪ್ರಸ್ತಾರವು ಇದೇ ಆಗಿದೆ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನೆಂದು ಹೆಸರಾದ ಅಮೋಘವರ್ಷನ ಕಾಲದಲ್ಲಿ, ನಮ್ಮ ಕನ್ನಡ ನಾಡಿನಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿರುವನು. ಈ ಗುಣಕಗಳು ಅವೇ ಸಂಖ್ಯೆಗಳು. ಒಂದೆಂಬ ಪೂರ್ಣಸಂಖ್ಯೆಯನ್ನು ಭಿನ್ನರಾಶಿಗಳ ಸಾಲಾಗಿ ಒಡೆಯುವ ಚಮತ್ಕಾರದ ನಿಯಮಗಳೂ ಆತನ ಗ್ರಂಥದಲ್ಲಿವೆ. ಹೈದರಾಬಾದ್ ಕರ್ನಾಟಕವೆಂದು ಹಿಂದೆ ಕರೆಯುತ್ತಿದ್ದ ಸೀಮೆಯ ಮಳಖೇಡವೇ ಆ ಅರಸನ ರಾಜಧಾನಿ. ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು.

ಹಾಗಾದರೆ ನ್ಯೂಟನನು ಮಾಡಿದುದೇನು? ಘಾತವು 2, 3, 4 ಎಂಬ ಪೂರ್ಣಸಂಖ್ಯೆಯಾಗಿರುವಾಗ ಎಲ್ಲರಿಗೂ ತಿಳಿದಿದ್ದ ನಿಯಮವನ್ನು, ಘಾತವು ಅರ್ಧವಾದರೂ, ಋಣಸಂಖ್ಯೆಯಾದರೂ ಸಲ್ಲುವುದೋ ಎಂದು ಕೇಳಿದನು. ಇದು 1664–65ನೆಯ ಚಳಿಗಾಲದಲ್ಲಿ. ಆಗ ಆತನಿಗೆ ಇಪ್ಪತ್ತೆರಡು ವರ್ಷ. ವಾಲಿಸನು ವೃತ್ತದ ಕ್ಷೇತ್ರಫಲವನ್ನು ತಿಳಿಯಲು ಎರಡು ಗೊತ್ತಾದ ಸಾಲುಗಳ ನಡುವಣ ಸಾಲನ್ನು ಊಹಿಸುವ ಉಪಾಯವನ್ನು ಮಾಡಿದ್ದನು. ನ್ಯೂಟನನು ಅದನ್ನು ಹಿಡಿದು ಮುಂದೆ ಹೋದನು. ನಿಯಮವು ಹೀಗಿದೆ: ಎರಡನೆಯ ಪದದ ಗುಣಕವು ಘಾತವೇ, ಅದನ್ನು ಘಾತಕ್ಕಿಂತ ಒಂದು ಕಡಮೆಯಾದ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಮೂರನೆಯದು, ಅದನ್ನು ಘಾತಕ್ಕಿಂತ ಎರಡು ಕಡಮೆಯಾದುದರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ನಾಲ್ಕನೆಯದು, ಹೀಗೆಯೇ ಮುಂದಕ್ಕೆ. ಘಾತವು ಮೂರಾದರೆ ಒಂದು ಹಂತದಲ್ಲಿ ಗುಣಕವು ಸೊನ್ನೆಯಾಗಿ ಸಾಲು ನಿಂತುಹೋಗುವುದು. ಅರ್ಧವಾದರೆ ಸೊನ್ನೆಯು ಎಂದಿಗೂ ಬಾರದು. ಸಾಲು ನಿಲ್ಲದೆ ಹೋಗುವುದು. ಇದೇ ಅನಂತ ಶ್ರೇಣಿ.

(1 − ಕ್ಷ²) ಎಂಬುದರ ವರ್ಗಮೂಲಕ್ಕೆ ಈ ನಿಯಮವನ್ನು ಹಚ್ಚಿದಾಗ ಆತನಿಗೆ 1 − ಕ್ಷ²/2 − ಕ್ಷ⁴/8 − ಕ್ಷ⁶/16 … ಎಂಬ ಸಾಲು ದೊರೆಯಿತು. ಇದು ನಿಜವೋ ಸುಳ್ಳೋ? ಆತನು ಆ ಸಾಲನ್ನು ಅದರಿಂದಲೇ ಗುಣಿಸಿ ನೋಡಿದನು. 1 − ಕ್ಷ² ಎಂಬ ಎರಡು ಪದಗಳು ನಿಂತುವು. ಉಳಿದ ಪದಗಳೆಲ್ಲ ಒಂದನ್ನೊಂದು ಹೊಡೆದುಕೊಂಡು ಮಾಯವಾದುವು. ಇದನ್ನು ಹುಡುಗಿಯರು ಒಮ್ಮೆ ತಮ್ಮ ಕೈಯಾರ ಮಾಡಿ ನೋಡಬೇಕು; ಅರ್ಧ ಗಂಟೆ ಹಿಡಿಯುವುದು, ಆದರೆ ಆ ಅರ್ಧ ಗಂಟೆಯು ನಷ್ಟವಲ್ಲ.

ಬೀಜಗಣಿತದ ಭಿನ್ನರಾಶಿಗಳಿಗೆ ಈ ನಿಯಮವು ಇನ್ನೂ ಸೊಗಸಾಗಿ ಸಲ್ಲುವುದು. ಛೇದದಲ್ಲಿ (1 + ಕ್ಷ) ಇದೆಯೆಂದರೆ ಅದು (1 + ಕ್ಷ)ದ ಋಣ ಒಂದನೆಯ ಘಾತವೆಂದೇ ಅರ್ಥ. ಮೇರುಪ್ರಸ್ತಾರದ ಸಾಲುಗಳನ್ನು ಕೆಳಕ್ಕೆ ಬೆಳೆಸುವ ಬದಲು ನ್ಯೂಟನನು ಮೇಲಕ್ಕೆ ಬೆಳೆಸಿದನು. ಸೊನ್ನೆಯ ಘಾತದ ಸಾಲು 1, 0, 0, 0. ಕೂಡಿಕೆಯ ಅದೇ ನಿಯಮವನ್ನು ಮುರಿಯದಂತೆ ಅದರ ಮೇಲಿನ ಸಾಲನ್ನು ತುಂಬಬೇಕಾದರೆ 1, −1, 1, −1 ಎಂದೇ ಬರೆಯಬೇಕು, ಬೇರೆ ದಾರಿಯಿಲ್ಲ. ಅದಕ್ಕೂ ಮೇಲೆ 1, −2, 3, −4. ಆದುದರಿಂದ 1/(1 + ಕ್ಷ) ಎಂಬ ಭಿನ್ನರಾಶಿಯು 1 − ಕ್ಷ + ಕ್ಷ² − ಕ್ಷ³ + … ಆಗುವುದು. ಅಂಶವನ್ನು ಛೇದದಿಂದ ಉದ್ದ ಭಾಗಾಕಾರ ಮಾಡಿದರೂ ಇದೇ ಬರುವುದು; ನ್ಯೂಟನನು ಅದನ್ನೂ ಮಾಡಿ ನೋಡಿ ಸಮಾಧಾನಪಟ್ಟನು. ಛೇದವು (2 + ಕ್ಷ) ಆಗಿದ್ದರೆ ಮೊದಲು ಎರಡನ್ನು ಹೊರಗೆ ತೆಗೆದು ಒಳಗೆ 1 + ಕ್ಷ/2 ಎಂದು ಮಾಡಿಕೊಳ್ಳಬೇಕು. ಆಗ 1/2 − ಕ್ಷ/4 + ಕ್ಷ²/8 − … ಎಂದು ಬರುವುದು. ಹೀಗೆ ಹೊರಗೆ ತೆಗೆಯಲು ಮರೆಯುವುದೇ ನಮ್ಮ ಹುಡುಗಿಯರು ಮಾಡುವ ತಪ್ಪುಗಳಲ್ಲಿ ಮೊದಲನೆಯದು.

ಎರಡನೆಯ ತಪ್ಪನ್ನು ಒಮ್ಮೆ ನಾನೇ ಮಾಡಿದೆನು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 1/(1 − ಕ್ಷ) ಎಂಬುದು 1 + ಕ್ಷ + ಕ್ಷ² + … ಆಗುವುದಾದರೆ, ಕ್ಷ ಎಂಬುದಕ್ಕೆ ಎರಡನ್ನು ಇಟ್ಟಾಗ ಒಂದು ಕಡೆ ಋಣ ಒಂದೂ ಇನ್ನೊಂದು ಕಡೆ 1 + 2 + 4 + 8 ಎಂದು ಬೆಳೆಯುವ ರಾಶಿಯೂ ಬರುವುದಲ್ಲ, ಇವು ಹೇಗೆ ಸಮವಾದಾವು ಎಂದು ಕೇಳಿದಳು. ಇದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎಂದೆನು. ಅವಳು ಕುಳಿತುಕೊಂಡಳು, ಆ ವರ್ಷವೆಲ್ಲ ಇನ್ನೊಂದು ಪ್ರಶ್ನೆಯನ್ನು ಕೇಳಲಿಲ್ಲ. ಅವಳ ಪ್ರಶ್ನೆಯು ಸರಿಯಾದ ಪ್ರಶ್ನೆ. ಕ್ಷ ಎಂಬುದು ಒಂದಕ್ಕಿಂತ ಚಿಕ್ಕದಾಗಿದ್ದರೆ ಮಾತ್ರ ಸಾಲಿನ ಪದಗಳು ಕರಗುತ್ತ ಹೋಗಿ ಮೊತ್ತವು ಒಂದು ಬೆಲೆಯನ್ನು ಸಮೀಪಿಸುವುದು. ದೊಡ್ಡದಾದರೆ ಸಾಲಿಗೂ ಭಿನ್ನರಾಶಿಗೂ ಸಂಬಂಧವೇ ಇರದು. ನ್ಯೂಟನನಿಗೆ ಈ ಎಚ್ಚರವಿದ್ದಿತಾದರೂ ಪೂರ್ಣವಾದ ಸಾಧನೆಯನ್ನು ಆತನು ಕೊಡಲಿಲ್ಲ. ಅದಕ್ಕೆ ನಾರ್ವೆ ದೇಶದ ಏಬೆಲ್ ಎಂಬ ತರುಣನು 1826ರಲ್ಲಿ ಬರಬೇಕಾಯಿತು. ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿದ ಪ್ರಶ್ನೆಯನ್ನು ನಾನು ಒಂದು ಮಾತಿನಲ್ಲಿ ಅಡಗಿಸಿದ್ದೆನು. ಆ ವಿದ್ಯಾರ್ಥಿನಿಯು ಇದನ್ನು ಓದಿದರೆ ನನ್ನನ್ನು ಕ್ಷಮಿಸಲಿ.

1665ರಲ್ಲಿ ಇಂಗ್ಲೆಂಡಿನಲ್ಲಿ ಮಹಾಮಾರಿಯಾದ ಪ್ಲೇಗು ಹರಡಿತು. ವಿದ್ಯಾಪೀಠವನ್ನು ಮುಚ್ಚಿದರು. ಆಗ ತಾನೇ ಪದವೀಧರನಾಗಿದ್ದ ನ್ಯೂಟನನು ವೂಲ್ಸ್‌ಥಾರ್ಪಿಗೆ ಹಿಂದಿರುಗಿ, ನಡುವೆ ಸ್ವಲ್ಪ ಕಾಲವನ್ನು ಬಿಟ್ಟರೆ, 1667ನೆಯ ವಸಂತದವರೆಗೆ ಅಲ್ಲಿಯೇ ಇದ್ದನು. 2020ರಲ್ಲಿ ನಮ್ಮ ಶಾಲೆಗಳು ಮುಚ್ಚಿದ್ದಾಗ ಈ ಸಂಗತಿಯನ್ನು ಪತ್ರಿಕೆಗಳಲ್ಲಿ ಬಹಳವಾಗಿ ಬರೆದರು. ಮೊಬೈಲು ಫೋನಿಲ್ಲದೆ ಪಾಠವೇ ಕೇಳದೆ ಹೋದ ನಮ್ಮ ಮಕ್ಕಳಿಗೆ ಆ ಹೋಲಿಕೆಯು ಅಷ್ಟಾಗಿ ಒಪ್ಪಲಿಲ್ಲವೆಂದು ನನ್ನ ಅಭಿಪ್ರಾಯ. ನ್ಯೂಟನನಿಗೆ ಜಮೀನಿತ್ತು, ಊಟವಿತ್ತು, ಪುಸ್ತಕವಿತ್ತು. ಸೇಬಿನ ಹಣ್ಣು ಬಿದ್ದುದನ್ನು ಕಂಡು ಗುರುತ್ವಾಕರ್ಷಣೆಯನ್ನು ಯೋಚಿಸಿದುದೂ ಆ ತೋಟದಲ್ಲಿಯೇ ಎಂದು ಆತನು ಮುಪ್ಪಿನಲ್ಲಿ ಸ್ನೇಹಿತನಿಗೆ ಹೇಳಿದನು. ಆದರೆ ಹಣ್ಣು ತಲೆಯ ಮೇಲೆ ಬಿತ್ತೆಂಬುದು ಕಟ್ಟುಕಥೆ.

ಈ ಅವಧಿಯಲ್ಲಿ ಆತನು 1/(1 + ಕ್ಷ) ಎಂಬ ಭಿನ್ನರಾಶಿಯ ಸಾಲನ್ನು ಹಿಡಿದು, ಅತಿಪರವಲಯವೆಂಬ ವಕ್ರರೇಖೆಯ ಕೆಳಗಿನ ಕ್ಷೇತ್ರಫಲವನ್ನು ಲೆಕ್ಕಹಾಕಿದನು. ಪ್ರತಿ ಪದದ ಕ್ಷೇತ್ರವನ್ನು ಬೇರೆ ಬೇರೆ ತೆಗೆದು ಕೂಡಿದರೆ ಕ್ಷ − ಕ್ಷ²/2 + ಕ್ಷ³/3 − ಕ್ಷ⁴/4 … ಎಂದು ಬರುವುದು, ಇದೇ ಲಾಗರಿತಮ್. ಕ್ಷ ಎಂಬುದು ಹತ್ತನೆಯ ಒಂದು ಪಾಲಾದರೆ, 0.1ರಿಂದ 0.005 ಕಳೆದು, 0.000333 ಕೂಡಿ, 0.000025 ಕಳೆದು, 0.000002 ಕೂಡಿದರೆ 0.09531 ಎಂದು ಐದೇ ಪದಗಳಲ್ಲಿ ಉತ್ತರ ದೊರೆಯುವುದು. ನ್ಯೂಟನನು ಇಂತಹ ಲೆಕ್ಕವನ್ನು ಐವತ್ತಕ್ಕೂ ಹೆಚ್ಚು ದಶಮಾಂಶ ಸ್ಥಾನಗಳವರೆಗೆ ಮಾಡಿದನು. ಅಷ್ಟು ದೂರ ಹೋದುದನ್ನು ಹೇಳಿಕೊಳ್ಳಲು ನಾಚಿಕೆಯಾಗುವುದೆಂದೂ, ಆಗ ತನಗೆ ಬೇರೆ ಕೆಲಸವಿರಲಿಲ್ಲವೆಂದೂ ಮುಂದೆ ಪತ್ರವೊಂದರಲ್ಲಿ ತಿಳಿಸಿದನು. ಕ್ಯಾಲ್ಕ್ಯುಲೇಟರ್ ಬರುವ ಮುನ್ನ ಓದಿದ ನಮ್ಮ ಹಿರಿಯ ವಿದ್ಯಾರ್ಥಿನಿಯರಿಗೆ ಲಾಗರಿತಮ್ ಪಟ್ಟಿಯ ತೆಳು ಪುಸ್ತಕವು ನೆನಪಿರಬಹುದು.

ಇಷ್ಟೆಲ್ಲ ಮಾಡಿದವನು ಏನನ್ನೂ ಅಚ್ಚುಹಾಕಿಸಲಿಲ್ಲ. ಟೀಕೆಯನ್ನು ಸಹಿಸುವ ಶಕ್ತಿಯು ಆತನಲ್ಲಿರಲಿಲ್ಲ. 1668ರಲ್ಲಿ ಮರ್ಕೇಟರ್ ಎಂಬಾತನು 1/(1 + ಕ್ಷ)ವನ್ನು ಭಾಗಿಸಿ ಲಾಗರಿತಮ್ಮಿನ ಸಾಲನ್ನು ಪುಸ್ತಕದಲ್ಲಿ ಪ್ರಕಟಿಸಿದಾಗ, ನ್ಯೂಟನನು ಬೆಚ್ಚಿ, ಅವಸರವಾಗಿ ಒಂದು ಲೇಖನವನ್ನು ಸಿದ್ಧಮಾಡಿ ತನ್ನ ಹಿರಿಯನಾದ ಐಸಾಕ್ ಬ್ಯಾರೋವಿನ ಕೈಗೆ ಕೊಟ್ಟನು. ಅದು ಕೈಬರಹದಲ್ಲಿಯೇ ಸ್ನೇಹಿತರ ನಡುವೆ ತಿರುಗಾಡಿ, ಕೊನೆಗೆ 1711ರಲ್ಲಿ ಅಚ್ಚಾಯಿತು. ಬ್ಯಾರೋ ತನ್ನ ಪ್ರಾಧ್ಯಾಪಕ ಪೀಠವನ್ನು ಬಿಟ್ಟುಕೊಡಲು, 1669ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ನ್ಯೂಟನನು ಕೇಂಬ್ರಿಜಿನ ಗಣಿತ ಪ್ರಾಧ್ಯಾಪಕನಾದನು. ದ್ವಿಪದ ಪ್ರಮೇಯವನ್ನು ಆತನು ಹೊರದೇಶದವರಿಗೆ ತಿಳಿಸಿದುದು 1676ರಲ್ಲಿ. ಜರ್ಮನಿಯ ಲೈಬ್ನಿಟ್ಸನಿಗೆ ತಲುಪಿಸಬೇಕೆಂದು ರಾಯಲ್ ಸೊಸೈಟಿಯ ಕಾರ್ಯದರ್ಶಿಗೆ ಬರೆದ ಎರಡು ದೀರ್ಘ ಪತ್ರಗಳಲ್ಲಿ. ಎರಡನೆಯದರಲ್ಲಿ, ತಾನು ಆ ನಿಯಮಕ್ಕೆ ಹೇಗೆ ಬಂದೆನೆಂಬ ದಾರಿಯನ್ನೂ ವಿವರಿಸಿದನು. ಆ ಪತ್ರವನ್ನು ನೋಡುವಾಗ, ತನ್ನ ಲೆಕ್ಕವನ್ನು ಕರಿಹಲಗೆಯ ಮೇಲೆ ಮೊದಲಿನಿಂದ ತೋರಿಸುವ ಒಳ್ಳೆಯ ಉಪಾಧ್ಯಾಯನು ಕಣ್ಣಿಗೆ ಬರುವನು. ಆದರೆ ತರಗತಿಯಲ್ಲಿ ಆತನ ಉಪನ್ಯಾಸಗಳನ್ನು ಕೇಳಲು ಬಹಳ ಕಡಮೆ ಮಂದಿ ಬರುತ್ತಿದ್ದರಂತೆ, ಬಂದವರಿಗೆ ಅರ್ಥವಾಗುತ್ತಿರಲಿಲ್ಲವಂತೆ.

ಆ ಲೈಬ್ನಿಟ್ಸನೊಡನೆ ಮುಂದೆ ನಡೆದ ಜಗಳವನ್ನು ಬರೆಯಲು ನನಗೆ ಸಂತೋಷವಿಲ್ಲ. ಚಲನಕಲನವೆಂಬ ಗಣಿತವನ್ನು ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದರು. ನ್ಯೂಟನನು ಮೊದಲು ಕಂಡುಹಿಡಿದನು, ಲೈಬ್ನಿಟ್ಸನು 1684ರಲ್ಲಿ ಮೊದಲು ಪ್ರಕಟಿಸಿದನು. ಈಗ ವಿದ್ವಾಂಸರ ಒಮ್ಮತವು ಇದೇ. ಆಗ ಮಾತ್ರ ಒಬ್ಬರನ್ನೊಬ್ಬರು ಕಳ್ಳರೆಂದು ಕರೆಯುವವರೆಗೂ ಹೋಯಿತು. ರಾಯಲ್ ಸೊಸೈಟಿಯು 1712ರಲ್ಲಿ ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿತು. ಆ ಸೊಸೈಟಿಯ ಅಧ್ಯಕ್ಷನೇ ನ್ಯೂಟನನಾಗಿದ್ದು, ಮಂಡಲಿಯ ವರದಿಯನ್ನು ಗುಟ್ಟಾಗಿ ತಾನೇ ಬರೆದನು. ಇದು ತಪ್ಪು. ಆತನ ಗಣಿತವನ್ನು ಎಷ್ಟು ಗೌರವಿಸಿದರೂ ಇದನ್ನು ಸರಿಯೆನ್ನಲಾಗದು.

ಗುರುತ್ವಾಕರ್ಷಣೆಯ ನಿಯಮವನ್ನೂ ಗ್ರಹಗಳ ಚಲನೆಯನ್ನೂ ವಿವರಿಸುವ ಪ್ರಿನ್ಸಿಪಿಯಾ ಎಂಬ ಮಹಾಗ್ರಂಥವು 1687ರಲ್ಲಿ, ಹ್ಯಾಲಿಯೆಂಬ ಖಗೋಳಜ್ಞನ ಒತ್ತಾಯದಿಂದಲೂ ಹಣದಿಂದಲೂ ಹೊರಬಂದಿತು. ಬಿಳಿಯ ಬೆಳಕು ಏಳು ಬಣ್ಣಗಳಾಗಿ ಒಡೆಯುವುದನ್ನು ಪಟ್ಟಕದಿಂದ ತೋರಿಸಿದುದನ್ನು ಎಲ್ಲ ಮಕ್ಕಳೂ ವಿಜ್ಞಾನದ ಪಾಠದಲ್ಲಿ ಓದಿಯೇ ಇರುವರು. ಅವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಮಾತನ್ನು ಮಾತ್ರ ಸೇರಿಸುವೆನು: 1679ರಲ್ಲಿ ತಾಯಿಯು ಜ್ವರದಿಂದ ಮಲಗಿದಾಗ, ಬಾಲ್ಯದಲ್ಲಿ ಆಕೆಯ ಮನೆಯನ್ನು ಸುಡುವೆನೆಂದ ಈ ಮಗನು ಊರಿಗೆ ಓಡಿಬಂದು, ರಾತ್ರಿಯೆಲ್ಲ ಹಾಸಿಗೆಯ ಬಳಿ ಕುಳಿತು, ತನ್ನ ಕೈಯಾರ ಔಷಧಗಳನ್ನು ಹಚ್ಚಿ ಕಡೆಯವರೆಗೂ ಶುಶ್ರೂಷೆ ಮಾಡಿದನು.

1693ರಲ್ಲಿ ಆತನ ಬುದ್ಧಿಯು ಕೆಲವು ಕಾಲ ಕದಡಿತು. ನಿದ್ರೆಯಿಲ್ಲದೆ, ಸ್ನೇಹಿತರ ಮೇಲೆ ಸಲ್ಲದ ಸಂಶಯಗಳನ್ನು ಬರೆದು, ಬಳಿಕ ಕ್ಷಮೆಯನ್ನು ಬೇಡಿದನು. 1696ರಲ್ಲಿ ಲಂಡನ್ ಪಟ್ಟಣದ ಟಂಕಸಾಲೆಯ ಮೇಲ್ವಿಚಾರಕನಾಗಿ ಹೋದನು. 1699ರಲ್ಲಿ ಅದರ ಮುಖ್ಯಾಧಿಕಾರಿಯಾದನು. ದೊಡ್ಡವರಿಗೆ ಕೊಡುವ ಗೌರವದ ಹುದ್ದೆಯದು. ಕೆಲಸ ಮಾಡಬೇಕೆಂಬ ನಿರ್ಬಂಧವಿರಲಿಲ್ಲ. ನ್ಯೂಟನನು ಕೆಲಸವನ್ನು ಮಾಡಿದನು. ಅಂಚು ಕತ್ತರಿಸಿ ಸವೆದುಹೋಗಿದ್ದ ಹಳೆಯ ಬೆಳ್ಳಿ ನಾಣ್ಯಗಳನ್ನೆಲ್ಲ ಕರಗಿಸಿ ಹೊಸದಾಗಿ ಮುದ್ರಿಸುವುದನ್ನು ನಡೆಸಿದನು. ಕಳ್ಳ ನಾಣ್ಯದವರನ್ನು ಹುಡುಕಿಸಿ, ಸಾಕ್ಷಿಗಳನ್ನು ತಾನೇ ವಿಚಾರಿಸಿ, ಚಾಲನರ್ ಎಂಬ ಹೆಸರಾಂತ ವಂಚಕನನ್ನು 1699ರಲ್ಲಿ ಗಲ್ಲಿಗೇರಿಸುವವರೆಗೂ ಬಿಡಲಿಲ್ಲ. ಆತನು ಕರುಣೆಯನ್ನು ಬೇಡಿ ಬರೆದ ಪತ್ರಗಳಿಗೆ ಮಣಿಯಲಿಲ್ಲ.

ಆ ದೇಶದ ಚಿನ್ನದ ನಾಣ್ಯವು ಇಪ್ಪತ್ತೆರಡು ಕ್ಯಾರೆಟ್ಟಿನದು. ಎಂದರೆ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಅಪ್ಪಟ, ಒಂದು ಪಾಲು ಬೆರಕೆ. ನಮ್ಮ ಸೀಮೆಯಲ್ಲಿ ಒಡವೆಯನ್ನು ಎಣಿಸುವ ಸವರನ್ ಎಂಬ ಅಳತೆಯು ಬಂದುದೇ ಆ ದೇಶದ, ಅದೇ ಮಟ್ಟದ ಚಿನ್ನದ ನಾಣ್ಯದಿಂದ. ಒಂದು ತೊಲ ಅಪ್ಪಟ ಚಿನ್ನವು ಒಳಗಿರಬೇಕಾದರೆ ಇಂತಹ ಚಿನ್ನ ಎಷ್ಟು ತೊಲ ಬೇಕು? ಈ ಲೆಕ್ಕವನ್ನು ನ್ಯೂಟನನು ಹೀಗೆ ಮಾಡಿದನೆಂದು ನಾನು ಹೇಳುವುದಿಲ್ಲ; ನನ್ನ ತರಗತಿಯಲ್ಲಿ ನಾನು ಮಾಡುವ ಬಗೆಯಿದು. ಒಂದು ತೊಲ ತೆಗೆದುಕೊಂಡೆವು. ಅದರಲ್ಲಿ ಹನ್ನೆರಡನೆಯ ಒಂದು ಪಾಲು ಕೊರತೆ. ಆ ಕೊರತೆಗೆ ಇನ್ನು 1/12 ತೊಲ ಸೇರಿಸಿದೆವು. ಅದೂ ಬೆರಕೆಯದೇ ಆದುದರಿಂದ ಅದರಲ್ಲಿಯೂ ಹನ್ನೆರಡನೆಯ ಒಂದು ಪಾಲು, ಎಂದರೆ 1/144 ತೊಲ ಕೊರತೆ. ಅದನ್ನು ಸೇರಿಸಿದರೆ 1/1728 ಕೊರತೆ. ಹೀಗೆ 1 + 1/12 + 1/144 + 1/1728 + … ಎಂದು ಹೋಗುವುದು. ಇದೇ 1/(1 − 1/12) ಎಂಬ ಭಿನ್ನರಾಶಿಯ ಶ್ರೇಣಿ. ನಾಲ್ಕು ಪದ ಕೂಡಿದರೆ 1.09086, ಐದು ಪದಕ್ಕೆ 1.09090, ನಿಜವಾದ ಉತ್ತರವು 12/11, ಎಂದರೆ 1.0909… ತಾನೇ. ಕೊರತೆಯು ಪ್ರತಿ ಸಾರಿಯೂ ಚಿಕ್ಕದಾಗುವುದರಿಂದ ಲೆಕ್ಕವು ಮುಗಿಯುವ ಕಡೆಗೆ ಹೋಗುವುದು. ಸೇರಿಸಿದ ಪ್ರತಿ ತೊಲಕ್ಕೂ ಎರಡು ತೊಲ ಕೊರತೆ ಬರುವ ಚಿನ್ನವಾಗಿದ್ದರೆ? ಅಂತಹ ಚಿನ್ನವನ್ನು ಯಾವ ಅಂಗಡಿಯವನೂ ಮಾರಲಾರನೆಂದು ಹುಡುಗಿಯರು ನಗುವರು. ಹಿಂದಿನ ಬೆಂಚಿನ ಆ ಹುಡುಗಿಗೆ ಅಂದು ಕೊಡಬೇಕಾಗಿದ್ದ ಉತ್ತರವಿದು.

1710ರಲ್ಲಿ ನ್ಯೂಟನನ ನಾಣ್ಯಗಳನ್ನು ಪಂಚರು ಪರೀಕ್ಷಿಸಿ, ಚಿನ್ನವು ಮಟ್ಟಕ್ಕೆ ಸ್ವಲ್ಪ ಕಡಮೆಯಾಗಿದೆಯೆಂದರು. ಆತನು ಒಪ್ಪದೆ, ಹೋಲಿಸಲು ಇಟ್ಟುಕೊಂಡಿದ್ದ 1707ನೆಯ ಇಸವಿಯ ಮಾದರಿ ತಗಡೇ ಇರಬೇಕಾದುದಕ್ಕಿಂತ ಹೆಚ್ಚು ಅಪ್ಪಟವಾಗಿದೆಯೆಂದು ವಾದಿಸಿದನು. 1717ರಲ್ಲಿ ಆತನು ಕೊಟ್ಟ ವರದಿಯ ಮೇಲೆ ಗಿನಿ ಎಂಬ ಚಿನ್ನದ ನಾಣ್ಯಕ್ಕೆ ಇಪ್ಪತ್ತೊಂದು ಷಿಲಿಂಗ್ ಎಂದು ಬೆಲೆ ಕಟ್ಟಿದರು. ಬೆಳ್ಳಿಗೆ ಹೊರದೇಶದಲ್ಲಿ ಹೆಚ್ಚು ಬೆಲೆಯಿದ್ದುದರಿಂದ ಅದು ದೇಶವನ್ನು ಬಿಟ್ಟು ಹೋಗಿ, ಚಿನ್ನವೇ ವ್ಯವಹಾರಕ್ಕೆ ನಿಂತಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ನಮ್ಮ ಕೋಲಾರದ ಗಣಿಗಳಿಗೆ ಬಂದ ಕಾಲಕ್ಕೆ ಆ ದೇಶದ ನಾಣ್ಯಕ್ಕೆ ಚಿನ್ನವೇ ಆಧಾರವಾಗಿದ್ದಿತು. ನಮ್ಮ ತಾತಂದಿರು ಚಾಂಪಿಯನ್ ರೀಫಿನ ಆಳದಲ್ಲಿ, ಬಂಡೆಯ ಕಾವಿನಲ್ಲಿ ಬೆವರು ಸುರಿಸಿ ತೆಗೆದ ಲೋಹಕ್ಕೆ ಅಷ್ಟು ಬೆಲೆ ಬಂದುದರ ಹಿಂದೆ ಈ ಗಣಿತಜ್ಞನ ಒಂದು ವರದಿಯೂ ಇದೆಯೆಂದು ಎಣಿಸಿದಾಗ ನನಗೆ ಆಶ್ಚರ್ಯವಾಗುವುದು.

ಆನ್ ರಾಣಿಯು 1705ರಲ್ಲಿ ಆತನಿಗೆ ಸರ್ ಎಂಬ ಬಿರುದನ್ನು ಕೊಟ್ಟಳು. ಆತನು ಮದುವೆಯಾಗಲಿಲ್ಲ. ಮಲತಂಗಿಯ ಮಗಳಾದ ಕ್ಯಾಥರೀನ್ ಬಾರ್ಟನ್ ಎಂಬ ಜಾಣೆಯು ಲಂಡನ್ನಿನ ಮನೆಯನ್ನು ನೋಡಿಕೊಂಡಳು. ದಿನವೂ ಸತ್ಯವೇದವನ್ನು ಓದಿ, ಗಣಿತಕ್ಕಿಂತ ಹೆಚ್ಚಾಗಿ ಅದರ ಮೇಲೆ ಬರೆದಿದ್ದರೂ, ತ್ರಿಯೇಕತ್ವದ ಬೋಧನೆಯನ್ನು ಆತನು ಒಪ್ಪಿರಲಿಲ್ಲ. ಟ್ರಿನಿಟಿ ಎಂಬ ಹೆಸರಿನ ಕಾಲೇಜಿನಲ್ಲಿದ್ದುಕೊಂಡು ಇದನ್ನು ಜೀವಮಾನವೆಲ್ಲ ಗುಟ್ಟಾಗಿ ಇಟ್ಟುಕೊಂಡನು. ಮಿಷನ್ ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಡೆದುದನ್ನು ಬರೆಯುವುದೇ ಸರಿಯೆಂದು ನನಗೆ ತೋರಿತು.

1727ನೆಯ ಮಾರ್ಚ್ 20ನೆಯ ತಾರೀಖು, ಹಳೆಯ ಪಂಚಾಂಗದ ಪ್ರಕಾರ, ನ್ಯೂಟನನು ತೀರಿಕೊಂಡನು. ಅರಸರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಆತನನ್ನು ಸಮಾಧಿ ಮಾಡಿದರು. ಆತನ ಕಾಗದಪತ್ರಗಳು ಬಂಧುಗಳ ಮನೆಯಲ್ಲಿ ಬಹುಕಾಲ ಬಿದ್ದಿದ್ದು, ಗಣಿತದ ಭಾಗವು 1872ರಲ್ಲಿ ಕೇಂಬ್ರಿಜ್ ವಿದ್ಯಾಪೀಠಕ್ಕೆ ಬಂದಿತು. ಮಲತಂದೆಯ ಆ ದಪ್ಪ ಪುಸ್ತಕವು ಈಗಲೂ ಅಲ್ಲಿಯೇ ಇರುವುದು. ಅದರ ಪುಟಗಳನ್ನು ಈಗ ಕಂಪ್ಯೂಟರಿನಲ್ಲಿ ಯಾರಾದರೂ ನೋಡಬಹುದು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ಅದನ್ನು ತೋರಿಸಿದೆನು. ಪಾದ್ರಿಯು ಪುಟದ ತಲೆಯಲ್ಲಿ ಬರೆದ ದೇವಶಾಸ್ತ್ರದ ಪದದ ಕೆಳಗೆ ನ್ಯೂಟನನ ಸಣ್ಣ ಅಕ್ಷರಗಳೂ ಚಿತ್ರಗಳೂ ಒತ್ತಾಗಿ ತುಂಬಿವೆ. ಹೊಡೆದುಹಾಕಿದ ಸಾಲುಗಳೂ ಬೇಕಾದಷ್ಟಿವೆ. ಹುಡುಗಿಯರು ಮೊದಲು ಗಮನಿಸಿದುದು ಆ ಹೊಡೆದುಹಾಕಿದ ಸಾಲುಗಳನ್ನು.